ಹದಿನೇಳು ಟನ್ ಉಕ್ಕು, ನಾಲ್ಕು ದಿಕ್ಕಿನ ಗಾಳಿ

(ಇಂಗ್ಲೆಂಡಿನಲ್ಲಿ ನೆಲೆಸಿರುವ, ಮೊದಲ ಸಲ ನ್ಯಾರೋಬೋಟ್, ಅಂದರೆ ಕಾಲುವೆಯ ಉದ್ದನೆಯ ಕಿರಿದಾದ ದೋಣಿ, ಬಾಡಿಗೆಗೆ ಪಡೆಯಲಿರುವ ಕನ್ನಡಿಗರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ಕಾಲುವೆಯಲ್ಲಿ ಒಂದು ವಾರ ಬೋಟ್ ಓಡಿಸುತ್ತೇವೆ ಅಂದರೆ ಸಾಕು, ನಮ್ಮವರು ಮೊದಲು ಕೇಳುವುದು "ಮಳೆ ಬಂದರೆ ಏನು ಗತಿ?" ಅಂತ. ಮಳೆ ಬಂದರೆ ನೆನೆಯುತ್ತೀರಿ. ಒಳ್ಳೆಯ ರೇನ್‌ಕೋಟ್ ಇದ್ದರೆ ಅದೂ ಇಲ್ಲ. ಕೇಳಬೇಕಾದದ್ದು ಗಾಳಿಯ ಬಗ್ಗೆ. ಆಮೇಲೆ, ನಿನ್ನೆ ಮಳೆ ಎಲ್ಲಿ ಬಿತ್ತು ಅನ್ನುವುದರ ಬಗ್ಗೆ.

ನಮ್ಮೂರ ಮಳೆಗೆ ಹೆಸರಿದೆ, ಸರದಿಯಿದೆ. ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಅಂದರೆ ಹೊಯ್ಯುತ್ತದೆ, ಅದಕ್ಕೆ ತಕ್ಕಂತೆ ಬಿತ್ತನೆ, ಬೆಚ್ಚಗಿನ ಮೂಲೆ, ಹಪ್ಪಳ ಎಲ್ಲ ಸಿದ್ಧ. ಇಲ್ಲಿನ ಏಪ್ರಿಲ್‌ನಲ್ಲಿ ಬೆಳಿಗ್ಗೆ ಎಂಟಕ್ಕೆ ಬಿಸಿಲು, ಹನ್ನೊಂದಕ್ಕೆ ಆಲಿಕಲ್ಲು, ಊಟದ ಹೊತ್ತಿಗೆ ಮತ್ತೆ ಬಿಸಿಲು, ಮೂರು ಗಂಟೆಗೆ ಟೋಪಿ ಹಾರಿಸುವ ಗಾಳಿ. ಏಳು ಗಂಟೆಯಲ್ಲಿ ನಾಲ್ಕು ಋತು. ಹೀಗಾಗಿ ಇಡೀ ದಿನಕ್ಕೆ ಒಂದೇ ತೀರ್ಮಾನ ಮಾಡಿ ಹೊರಡಬೇಡಿ. ಎರಡೆರಡು ಗಂಟೆಗೊಮ್ಮೆ ಮತ್ತೆ ನೋಡಿ, ಮತ್ತೆ ತೀರ್ಮಾನಿಸಿ.

ಉದಾಹರಣೆಗೆ ಆಕ್ಸ್‌ಫರ್ಡ್ ಕಾಲುವೆಯ ದಕ್ಷಿಣ ಭಾಗವನ್ನೇ ಇಟ್ಟುಕೊಳ್ಳೋಣ. ನ್ಯಾಪ್ಟನ್ ಜಂಕ್ಷನ್‌ನಿಂದ ಆಕ್ಸ್‌ಫರ್ಡ್‌ವರೆಗೆ ಸುಮಾರು 50 ಮೈಲಿ, 39 ಲಾಕ್ (ಬೋಟನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಗೇಟಿನ ತೊಟ್ಟಿ). ಕೆಲಸ ಶುರುವಾದದ್ದು 1769ರಲ್ಲಿ, ಕಾಲುವೆ ಇಂಜಿನಿಯರ್ ಜೇಮ್ಸ್ ಬ್ರಿಂಡ್ಲಿಯ ಕೈಯಲ್ಲಿ. ಆತ 1772ರಲ್ಲಿ ತೀರಿಕೊಂಡ. ಕಾಲುವೆ ಬ್ಯಾನ್‌ಬರಿ ಮುಟ್ಟಿದ್ದು 1778ಕ್ಕೆ, ಆಕ್ಸ್‌ಫರ್ಡ್ ಮುಟ್ಟಿದ್ದು 1790ರ ಹೊಸ ವರ್ಷಕ್ಕೆ. ಬ್ರಿಂಡ್ಲಿ ಗುಡ್ಡ ಕಡಿಯುವವನಲ್ಲ, ಗುಡ್ಡದ ಸೊಂಟ ಹಿಡಿದು ಸುತ್ತಿ ಹೋಗುವವನು. ನಮ್ಮ ನೀರಾವರಿ ನಾಲೆಗಳು ಹೋಗುವುದೂ ಹೀಗೆಯೇ ಅಲ್ಲವೇ? ಮಾರ್ಸ್ಟನ್ ಡೋಲ್ಸ್‌ನಿಂದ ಕ್ಲೇಡನ್‌ವರೆಗಿನ ನೆತ್ತಿಯ ಮಟ್ಟ, ಅಂದರೆ ಲಾಕೇ ಇಲ್ಲದ ಅತಿ ಎತ್ತರದ ಭಾಗ, 11 ಮೈಲಿ. ನೇರ ಗೆರೆ ಎಳೆದರೆ ಅದರ ಅರ್ಧವೂ ಆಗುವುದಿಲ್ಲ. ವರ್ಮ್‌ಲೈಟನ್ ಹತ್ತಿರ ಒಂದೇ ಗುಡ್ಡವನ್ನು ಮೂರು ಕಡೆಯಿಂದ ನೋಡುತ್ತೀರಿ. ಈ ಸುತ್ತಾಟವನ್ನು ನೆನಪಿಡಿ, ಗಾಳಿಯ ಮಾತು ಬಂದಾಗ ಬೇಕಾಗುತ್ತದೆ.

ಇಲ್ಲೊಂದು ಅಡ್ಡಮಾತು. ಕಾಲುವೆ ಅಂದರೆ ನಮಗೆ ಗದ್ದೆಗೆ ಹೋಗುವ ನೀರು, ದೋಣಿಯ ದಾರಿಯಲ್ಲ. ಆದರೆ ತುಂಗಭದ್ರೆಯ ಸುಂಕೇಶುಲದಲ್ಲಿ ಹೊರಡುವ ಕರ್ನೂಲು-ಕಡಪ ಕಾಲುವೆಯನ್ನು 1860ರ ದಶಕದಲ್ಲಿ ತೋಡುವಾಗ ದೋಣಿ ಸಾಗಾಟವೂ ಲೆಕ್ಕದಲ್ಲಿತ್ತು. ಅದಕ್ಕೂ ಲಾಕ್ ಕಟ್ಟಿದ್ದರು. ಹಾಗಾಗಿ ಲಾಕ್ ಅನ್ನುವುದು ನಮ್ಮ ನೆಲಕ್ಕೆ ತೀರಾ ಹೊಸದೇನಲ್ಲ.

ಈಗ ಬೋಟು. ಬಾಡಿಗೆಗೆ ಸಿಗುವ ಸಾಧಾರಣ ನ್ಯಾರೋಬೋಟ್ 57 ಅಡಿ ಉದ್ದ, 6 ಅಡಿ 10 ಅಂಗುಲ ಅಗಲ. ತಳದ ತಗಡು 10 ಮಿಲಿಮೀಟರ್, ಪಕ್ಕದ್ದು 6, ಚಾವಣಿ 4. ಎಲ್ಲ ಸೇರಿ ತೂಕ ಹದಿನೇಳು ಟನ್ ಆಸುಪಾಸು. ನೀರಿನಲ್ಲಿ ಮುಳುಗಿರುವುದು ಎರಡು, ಎರಡೂವರೆ ಅಡಿ ಮಾತ್ರ. ತಳ ಮಣೆಯ ಹಾಗೆ ಚಪ್ಪಟೆ. ನೀರಿನ ಮೇಲೆ ನಿಂತಿರುವುದು ಹದಿನೇಳು ಮೀಟರ್ ಉದ್ದ, ಒಂದೂಕಾಲು ಮೀಟರ್ ಎತ್ತರದ ಗೋಡೆ. ಅಂದರೆ ಇಪ್ಪತ್ತು ಚದರ ಮೀಟರ್‌ಗೂ ಮಿಕ್ಕಿದ ಹಾಯಿ. ಹಾಯಿದೋಣಿಯವನು ಗಾಳಿ ಜೋರಾದರೆ ಹಾಯಿ ಇಳಿಸುತ್ತಾನೆ, ನೀವು ಇದನ್ನು ಇಳಿಸಲಾರಿರಿ. ನಿಮ್ಮ ಬೋಟನ್ನು ಅಡ್ಡಕ್ಕೆ ಜಾರದಂತೆ ಹಿಡಿಯಲು ಕೆಳಗೆ ಏನೂ ಇಲ್ಲ. ಎಲ್ಲ ತೊಂದರೆಯ ಬೇರು ಇಲ್ಲಿದೆ.

ಹವಾಮಾನದ ಆ್ಯಪ್ ತೆಗೆದರೆ ಮಳೆಯ ಚಿತ್ರದ ಕೆಳಗೆ ಗಾಳಿಯ ಎರಡು ಅಂಕಿ ಕಾಣುತ್ತವೆ. ಒಂದು ಸರಾಸರಿ ವೇಗ, ಇನ್ನೊಂದು ಗಸ್ಟ್, ಅಂದರೆ ಇದ್ದಕ್ಕಿದ್ದಂತೆ ನುಗ್ಗುವ ಬೀಸು. ಸರಾಸರಿಯನ್ನು ಮರೆತುಬಿಡಿ, ಬೀಸನ್ನು ಓದಿ. ನನ್ನ ಲೆಕ್ಕ ಹೀಗೆ: ಬೀಸು ಗಂಟೆಗೆ 20 ಮೈಲಿಯ ಒಳಗಿದ್ದರೆ ಹೊರಡಿ. 20ರಿಂದ 30 ಇದ್ದರೆ ಮರಸಾಲು, ಎತ್ತರದ ದಂಡೆ ಇರುವ ಕಡೆ ಮಾತ್ರ, ಅದೂ ಕೈ ಪಳಗಿದ ಮೇಲೆ. 30 ದಾಟಿತೋ, ಹಗ್ಗ ಬಿಚ್ಚಬೇಡಿ. ಸರಾಸರಿ 12, ಬೀಸು 32 ಅನ್ನುವ ದಿನವೇ ಹೊಸಬರನ್ನು ಮೋಸ ಮಾಡುವುದು. ಕಟ್ಟಿದ ಜಾಗದಲ್ಲಿ ಎಲೆ ಅಲ್ಲಾಡುವುದಿಲ್ಲ, ಬೇಲಿ ಮುಗಿದ ಕೂಡಲೇ ಬೋಟಿನ ಮೂತಿ ಆಚೆ ದಂಡೆಯ ಮುಳ್ಳುಪೊದೆಯಲ್ಲಿರುತ್ತದೆ.

ಗಾಳಿ ಪಕ್ಕದಿಂದ ಬರುವಾಗ ಮೂತಿಯನ್ನು ಸ್ವಲ್ಪ ಗಾಳಿಯ ಕಡೆಗೇ ತಿರುಗಿಸಿಟ್ಟು, ಏಡಿ ನಡೆದ ಹಾಗೆ ಓರೆಯಾಗಿ ಸಾಗಬೇಕು. ಟಿಲ್ಲರ್, ಅಂದರೆ ಹಿಂಬದಿಯ ಚುಕ್ಕಾಣಿ ಹಿಡಿಕೆ, ಹಿಡಿದವರು ಗಮನಿಸಬೇಕಾದದ್ದು: ಪ್ರೊಪೆಲ್ಲರ್ ತಳ್ಳಿದ ನೀರು ರಡ್ಡರ್‌ಗೆ, ಅಂದರೆ ನೀರೊಳಗಿನ ಚುಕ್ಕಾಣಿ ಹಲಗೆಗೆ, ಬಡಿದರೆ ಮಾತ್ರ ಬೋಟು ತಿರುಗುತ್ತದೆ. ವೇಗ ತಗ್ಗಿಸಿದಿರೋ, ಹಿಡಿತವೂ ತಗ್ಗಿತು. ರಿವರ್ಸ್‌ನಲ್ಲಂತೂ ಟಿಲ್ಲರ್ ಮಾತು ಕೇಳುವುದೇ ಇಲ್ಲ. ಹೆದರಿದವರು ಮೊದಲು ಮಾಡುವುದು ವೇಗ ಇಳಿಸುವುದು. ಗಾಳಿಯಲ್ಲಿ ಅದು ತಪ್ಪು. ಆದರೆ ದಂಡೆಗೆ ಕಟ್ಟಿದ ಬೋಟುಗಳ ಪಕ್ಕ ಹಾಯುವಾಗ ನಿಧಾನವಾಗಿ ಹೋಗಲೇಬೇಕು, ಇಲ್ಲವಾದರೆ ನೀರಿನ ಸೆಳೆತಕ್ಕೆ ಅವರ ಗೂಟ ಕಿತ್ತು ಬರುತ್ತದೆ. ಇವೆರಡೂ ಒಂದಕ್ಕೊಂದು ಒಗ್ಗುವುದಿಲ್ಲ, ನನಗೂ ಗೊತ್ತು. ಅದಕ್ಕೇ ಹೇಳಿದ್ದು, ಸಾಲಾಗಿ ಬೋಟು ಕಟ್ಟಿರುವ ಊರನ್ನು ಬೀಸುಗಾಳಿಯ ಮಧ್ಯಾಹ್ನ ದಾಟುವ ಯೋಜನೆ ಬೇಡ. ಗಾಳಿ ಸಾಮಾನ್ಯವಾಗಿ ಬೆಳಿಗ್ಗೆ ಬೇಗ ಮತ್ತು ಸಂಜೆ ತಗ್ಗಿರುತ್ತದೆ. ಬೇಗ ಎದ್ದು ಏಳಕ್ಕೆ ಹೊರಟರೆ ಹನ್ನೊಂದರ ಹೊತ್ತಿಗೆ ಅರ್ಧ ದಿನದ ದಾರಿ ಮುಗಿದಿರುತ್ತದೆ.

ವರ್ಮ್‌ಲೈಟನ್ ನೆನಪಿದೆಯೇ? ಅಲ್ಲಿ ಗಾಳಿ ಒಂದೇ ದಿಕ್ಕಿನಿಂದ ಬಂದರೂ ಕಾಲುವೆ ತಿರುಗುತ್ತಾ ಹೋಗುವುದರಿಂದ ನಿಮಗದು ಒಮ್ಮೆ ಎಡಕ್ಕೆ, ಒಮ್ಮೆ ಎದುರಿಗೆ, ಇನ್ನೊಮ್ಮೆ ಬೆನ್ನಿಗೆ ಬಡಿಯುತ್ತದೆ. ಮೇಲಾಗಿ ಆ ಮಟ್ಟದಲ್ಲಿ ನೀರು ಆಳವಿಲ್ಲ, ಅಂಚಿನಲ್ಲಿ ಹೂಳು. ಗಾಳಿ ದಂಡೆಗೆ ನೂಕಿ, ತಳ ಹೂಳಿಗೆ ಕೂತರೆ ಇಂಜಿನ್ ಮುಂದಕ್ಕೆ ಜಗ್ಗಬೇಡಿ. ಪ್ರೊಪೆಲ್ಲರ್ ತಳದ ನೀರನ್ನು ಹಿಂದಕ್ಕೆ ಎಳೆದುಹಾಕುತ್ತದೆ, ಬೋಟು ಇನ್ನೂ ಕೆಳಗೆ ಕೂರುತ್ತದೆ. ಬಂದ ದಾರಿಯಲ್ಲೇ ಹಿಂದೆ ಹೋಗಿ. ಮೊದಲು ಗಳದಿಂದ ಹಿಂಬದಿಯನ್ನು ದಂಡೆಯಿಂದ ಆಚೆ ನೂಕಿ, ಆಮೇಲೆ ರಿವರ್ಸ್ ಹಾಕಿ ನಡುನೀರಿಗೆ ಬನ್ನಿ, ಅಲ್ಲಿಂದ ಗಟ್ಟಿಯಾಗಿ ಮುಂದಕ್ಕೆ. ಆಗಲಿಲ್ಲವೇ, ಒಳಗಿರುವವರನ್ನೆಲ್ಲ ಆಳದ ಕಡೆಯ ಪಕ್ಕಕ್ಕೆ ಕಳುಹಿಸಿ. ಐದಾರು ಜನ ಒಂದು ಬದಿಗೆ ನಿಂತರೆ ಆಚೆ ಬದಿಯ ಅಂಚು ಹೂಳಿನಿಂದ ಎದ್ದುಬಿಡುತ್ತದೆ. ಗಳದ ತುದಿಯನ್ನು ಯಾವತ್ತೂ ಎದೆಗೆ, ಹೊಟ್ಟೆಗೆ ಆನಿಸಬೇಡಿ, ಪಕ್ಕದಲ್ಲಿ ಹಿಡಿಯಿರಿ. ಹಾಗೆಯೇ ರಿವರ್ಸ್‌ನಲ್ಲಿರುವಾಗ ಟಿಲ್ಲರ್ ಬೀಸುವ ಅರ್ಧವೃತ್ತದೊಳಗೆ ನಿಲ್ಲಬೇಡಿ. ರಡ್ಡರ್ ಏನಕ್ಕಾದರೂ ತಗುಲಿದರೆ ಟಿಲ್ಲರ್ ಒಂದೇ ಏಟಿಗೆ ಮನುಷ್ಯನನ್ನು ನೀರಿಗೆ ಗುಡಿಸಿಹಾಕುತ್ತದೆ, ಪ್ರೊಪೆಲ್ಲರ್ ತಿರುಗುತ್ತಿರುವ ಕಡೆಗೇ. ಯಾರಾದರೂ ಬಿದ್ದರೆ ಮೊದಲ ಕೆಲಸ ನ್ಯೂಟ್ರಲ್. ಬಿದ್ದವರಿಗೆ "ಎದ್ದು ನಿಲ್ಲು" ಅಂತ ಕೂಗಿ. ಬಹಳ ಕಡೆ ಕಾಲುವೆಯ ನೀರು ಸೊಂಟದಿಂದ ಎದೆಮಟ್ಟ ಅಷ್ಟೇ. ಇದು ಲಾಕಿಗೂ ನದಿಗೂ ಅನ್ವಯಿಸುವುದಿಲ್ಲ.

ಬೋಟು ತಿರುಗಿಸಲೆಂದು ಅಲ್ಲಲ್ಲಿ ಅಗಲ ಮಾಡಿದ ಜಾಗ ಇರುತ್ತದೆ, ವಿಂಡಿಂಗ್ ಹೋಲ್. 'ವೈಂಡಿಂಗ್' ಅನ್ನಬೇಡಿ, ದೋಣಿಯವರು ನಗುತ್ತಾರೆ. ಬೀಸುವ ಗಾಳಿಯನ್ನು ಹೇಳುವ ಹಾಗೆಯೇ 'ವಿಂಡ್'. ಮೂತಿಯನ್ನು ಆ ಅಗಲದೊಳಗೆ ತೂರಿಸಿ ಹಿಂಬದಿಯನ್ನು ಸುತ್ತಿಸಬೇಕು. ಗಾಳಿ ಹಿಂಬದಿಯನ್ನು ನೂಕಿಕೊಡುವ ಹಾಗಿದ್ದರೆ ಕೆಲಸ ಎರಡು ನಿಮಿಷದ್ದು. ಎದುರಾದರೆ ಕಾಯುವುದೇ ಮೇಲು.

ಇನ್ನು ದಿನದ ಲೆಕ್ಕ. ಕಾನೂನಿನ ಮಿತಿ ಗಂಟೆಗೆ 4 ಮೈಲಿ, ನಿಜವಾಗಿ ಸಾಗುವುದು ಮೂರು. ಮೈಲಿಯನ್ನೂ ಲಾಕನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ ಗಂಟೆ ಸಿಗುತ್ತದೆ. ನ್ಯಾಪ್ಟನ್‌ನಿಂದ ಆಕ್ಸ್‌ಫರ್ಡ್‌ಗೆ 50 ಮತ್ತು 39, ಅಂದರೆ 89. ಮೂವತ್ತು ಗಂಟೆ. ಹೋಗಿ ಬರಲು ಅರವತ್ತು. ವಾರದ ಬಾಡಿಗೆಯಲ್ಲಿ ಇದಕ್ಕೆ ದಿನಕ್ಕೆ ಎಂಟೂವರೆ ಗಂಟೆ ಟಿಲ್ಲರ್ ಹಿಡಿದು ನಿಲ್ಲಬೇಕು, ಒಂದು ದಿನ ಗಾಳಿ ಬಂದರೆ ಲೆಕ್ಕವೆಲ್ಲ ತಲೆಕೆಳಗು. ಬ್ಯಾನ್‌ಬರಿಗೆ ಹೋಗಿ ಬಂದರೆ ಇಪ್ಪತ್ತೆಂಟು ಗಂಟೆ. ಅದನ್ನು ಆರು ದಿನಕ್ಕೆ ಹಂಚಿ, ಏಳನೆಯ ದಿನವನ್ನು ಗಾಳಿಯ ಪಾಲಿಗೆ ಬಿಟ್ಟುಬಿಡಿ. ಅಪಘಾತಗಳು ಹುಟ್ಟುವುದು ಗಾಳಿಯಿಂದಲ್ಲ, "ಶನಿವಾರ ಒಂಬತ್ತಕ್ಕೆ ಬೋಟ್ ವಾಪಸ್ ಕೊಡಬೇಕು" ಅನ್ನುವ ಗಡಿಬಿಡಿಯಿಂದ. ಬೇಸಿಗೆಯಲ್ಲಿ ಮಳೆ ಕೈಕೊಟ್ಟರೆ ಇನ್ನೊಂದು ಕಟ್ಟು: ನೆತ್ತಿಯ ಮಟ್ಟಕ್ಕೆ ನೀರು ಬರುವುದು ಬಾಡಿಂಗ್ಟನ್, ವರ್ಮ್‌ಲೈಟನ್ ಮುಂತಾದ ಕೆರೆಗಳಿಂದ. ಅವು ಇಳಿದರೆ ನ್ಯಾಪ್ಟನ್, ಕ್ಲೇಡನ್ ಲಾಕ್‌ಗಳನ್ನು ದಿನದಲ್ಲಿ ಕೆಲವೇ ಗಂಟೆ ತೆರೆಯುತ್ತಾರೆ. ಕಾಲುವೆಗಳನ್ನು ನೋಡಿಕೊಳ್ಳುವ ಕೆನಾಲ್ ಆ್ಯಂಡ್ ರಿವರ್ ಟ್ರಸ್ಟ್‌ನ ಪ್ರಕಟಣೆಗಳನ್ನು ಹೊರಡುವ ಮುಂಚೆ ನೋಡಿ.

ಲಾಕಿನ ವಿಷಯಕ್ಕೆ ಬರೋಣ. ಒಂದು ಉದ್ದನೆಯ ಕಲ್ಲಿನ ತೊಟ್ಟಿ, ಎರಡು ತುದಿಗೆ ಗೇಟು. ಗೇಟಿನಲ್ಲೋ ಪಕ್ಕದ ನೆಲದಲ್ಲೋ ಪ್ಯಾಡಲ್‌ಗಳು, ನಮ್ಮ ಕೆರೆಯ ತೂಬು ಇದ್ದ ಹಾಗೆ. ತೂಬೆತ್ತಲು ವಿಂಡ್‌ಲಸ್ ಅನ್ನುವ ಎಲ್ ಆಕಾರದ ಕಬ್ಬಿಣದ ಹಿಡಿಕೆ. ತೊಟ್ಟಿಯ ಅಗಲ ಏಳಡಿ, ನಿಮ್ಮ ಬೋಟು ಆರಡಿ ಹತ್ತಂಗುಲ. ಎರಡೂ ಬದಿಗೆ ಒಂದೊಂದು ಅಂಗುಲ. ಆದ್ದರಿಂದ ಪಕ್ಕಕ್ಕೆ ನೇತುಹಾಕಿದ ಫೆಂಡರ್‌ಗಳನ್ನು, ಅಂದರೆ ಗುದ್ದು ತಡೆಯುವ ಮೆತ್ತೆಗಳನ್ನು, ಮೇಲೆತ್ತಿಕೊಂಡೇ ಒಳಗೆ ಹೋಗಿ, ಇಲ್ಲವಾದರೆ ಬೋಟು ಬೆಣೆ ಬಡಿದ ಹಾಗೆ ಸಿಕ್ಕಿಕೊಳ್ಳುತ್ತದೆ. ಒಮ್ಮೆ ತುಂಬಿಸಿದರೆ ಒಂದು ಲಕ್ಷ ಲೀಟರ್‌ಗೂ ಹೆಚ್ಚು ನೀರು.

ಮಳೆಯಲ್ಲಿ ಲಾಕು ಮೂರು ಥರ ಕಾಡುತ್ತದೆ. ಮೊದಲನೆಯದು ಜಾರು. ಗೇಟಿನ ಮೇಲಿನ ಹಲಗೆ, ಪಾಚಿ ಹಿಡಿದ ಕಲ್ಲು, ಒದ್ದೆ ಉಕ್ಕು. ಓಡಬೇಡಿ, ಗೇಟಿಂದ ಗೇಟಿಗೆ ಹಾರಬೇಡಿ. ಒದ್ದೆ ಕೈಯಲ್ಲಿ ತಿರುಗಿಸುವಾಗ ವಿಂಡ್‌ಲಸ್ ಜಾರಿ, ತೂಬು ತನ್ನ ಭಾರಕ್ಕೆ ಇಳಿಯತೊಡಗಿದರೆ ಹಿಡಿಕೆ ಗಿರ್ರನೆ ಸುತ್ತಿ ಹಾರುತ್ತದೆ, ಮುಂಗೈ ಮೂಳೆ ಮುರಿಯಲು ಅಷ್ಟು ಸಾಕು. ಹಲ್ಲಿನ ಚಕ್ರಕ್ಕೆ ತಡೆಕೊಂಡಿ ಬಿದ್ದಿದೆಯೇ ನೋಡಿ, ಬಿದ್ದ ಕೂಡಲೇ ವಿಂಡ್‌ಲಸ್ ತೆಗೆದು ಕೈಯಲ್ಲಿಟ್ಟುಕೊಳ್ಳಿ. ಎರಡನೆಯದು ಲಾಕಿನ ಪಕ್ಕದ ಕೋಡಿ. ಮೇಲಿನ ಮಟ್ಟದಲ್ಲಿ ಹೆಚ್ಚಾದ ನೀರು ಪಕ್ಕದ ಕಾಲುವೆಯಲ್ಲಿ ಹರಿದು ಲಾಕಿನ ಕೆಳಗೆ ಸೇರುತ್ತದೆ. ಒಣ ದಿನ ಅದು ಜಿನುಗು, ಮಳೆಯಾದ ಮೇಲೆ ಅಡ್ಡಕ್ಕೆ ನುಗ್ಗುವ ಹೊಳೆ. ಕೆಳಗಿನಿಂದ ಲಾಕಿನೊಳಗೆ ಹೋಗುವಾಗ ಸರಿಯಾಗಿ ಬಾಯಿಯ ಹತ್ತಿರ ಅದು ಮೂತಿಯನ್ನು ಪಕ್ಕಕ್ಕೆ ತಳ್ಳಿ ಗೋಡೆಗೆ ಗುದ್ದಿಸುತ್ತದೆ. ಕೋಡಿ ಸೇರುವ ಕಡೆಗೇ ಸ್ವಲ್ಪ ಗುರಿಯಿಟ್ಟು, ತುಸು ವೇಗದಲ್ಲೇ ನುಗ್ಗಿ. ಮೂರನೆಯದು ಗೇಟು. ಮೇಲಿನ ಗೇಟನ್ನು ನೀರು ಹಾಯ್ದು ಬರುತ್ತಿದ್ದರೆ ಕೆಳಗಿನ ಗೇಟು ತೆರೆಯಲು ಹಟ ಮಾಡುತ್ತದೆ. ತೊಲೆಗೆ ಬೆನ್ನು ಕೊಟ್ಟು ಸುಮ್ಮನೆ ಆನಿಸಿ ನಿಲ್ಲಿ, ಎಳೆದಾಡಬೇಡಿ, ಮಟ್ಟ ಸಮವಾದ ಗಳಿಗೆಗೆ ಅದೇ ಬಿಡುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಬಿಸಿಲಲ್ಲೂ ಇದೆ: ಸಿಲ್, ಅಂದರೆ ಹೊಸ್ತಿಲು. ಮೇಲಿನ ಗೇಟಿನ ಕೆಳಗೆ ಲಾಕಿನೊಳಕ್ಕೆ ಚಾಚಿರುವ ಕಲ್ಲಿನ ಕಟ್ಟೆ, ನೀರು ತುಂಬಿದಾಗ ಕಾಣುವುದಿಲ್ಲ. ಗೋಡೆಯ ಮೇಲೆ ಬಿಳಿ ಗೆರೆ ಎಳೆದಿರುತ್ತಾರೆ. ಕೆಳಗಿಳಿಯುವಾಗ ಬೋಟಿನ ಹಿಂಬದಿ ಆ ಗೆರೆಯಿಂದ ಮುಂದೆ ಇರಲೇಬೇಕು. ಹೊಸ್ತಿಲ ಮೇಲೆ ಹಿಂಬದಿ ಕೂತು, ನೀರು ಇಳಿಯುತ್ತಾ ಹೋದರೆ ಮೂತಿ ಕೆಳಗಾಗಿ ಮುಂಬಾಗಿಲಿನಿಂದ ನೀರು ನುಗ್ಗುತ್ತದೆ, ಎರಡು ನಿಮಿಷದಲ್ಲಿ ಬೋಟು ಹೋಯಿತು. ಹಾಗೆ ಸಿಕ್ಕಿದ್ದು ಕಂಡರೆ ಕೂಗಿ, ಕೆಳಗಿನ ತೂಬು ಮುಚ್ಚಿ, ಅದು ಪೂರ್ತಿ ಮುಚ್ಚಿದ ಮೇಲೆ ಮೇಲಿನ ತೂಬು ಮೆಲ್ಲಗೆ ತೆರೆದು ನೀರು ತುಂಬಿಸಿ. ಮಳೆಯಲ್ಲಿ ಇದು ಹೆಚ್ಚಾಗುವುದೇಕೆ ಗೊತ್ತೇ? ಎಲ್ಲರೂ ತಲೆಗವಸು ಎಳೆದುಕೊಂಡು ತಲೆ ತಗ್ಗಿಸಿ ನಿಂತಿರುತ್ತಾರೆ. ಗೆರೆಯನ್ನು ನೋಡುವವರೇ ಇರುವುದಿಲ್ಲ.

ಈಗ ನಿನ್ನೆಯ ಮಳೆ. ಬ್ಯಾನ್‌ಬರಿಯ ದಕ್ಷಿಣಕ್ಕೆ ಕಾಲುವೆ ಚಾರ್ವೆಲ್ ನದಿಯ ಜೊತೆಗೇ ಇಳಿಯುತ್ತದೆ, ಎರಡು ಕಡೆ ನದಿಯನ್ನೇ ಸೇರುತ್ತದೆ. ಒಂದು, ನೆಲ್ ಬ್ರಿಜ್ ಲಾಕಿಗೂ 'ಏನೋ ವಿಯರ್' ಲಾಕಿಗೂ ('ಏನೋ', Aynho, ಅಲ್ಲಿನ ಊರಿನ ಹೆಸರು; ವಿಯರ್ ಅಂದರೆ ಒಡ್ಡು) ನಡುವೆ: ನದಿ ಒಂದು ಬದಿಯಿಂದ ಕಾಲುವೆಯೊಳಗೆ ಬಂದು ಇನ್ನೊಂದು ಬದಿಯ ಒಡ್ಡಿನ ಮೇಲೆ ಹೊರಬೀಳುತ್ತದೆ. ನೀವು ಅದನ್ನು ಅಡ್ಡ ದಾಟಬೇಕು. ಎರಡನೆಯದು ಬೇಕರ್ಸ್ ಲಾಕಿನಿಂದ ಶಿಪ್ಟನ್ ವಿಯರ್ ಲಾಕಿನವರೆಗೆ, ಸುಮಾರು ಒಂದು ಮೈಲಿ ನದಿಯೊಳಗೇ, ಬಿಗಿ ತಿರುವುಗಳಲ್ಲಿ. ನದಿ ಹುಟ್ಟುವುದು ನಾರ್ಥಾಂಪ್ಟನ್‌ಶೈರಿನ ಗುಡ್ಡಗಳಲ್ಲಿ. ಅಲ್ಲಿ ಬಿದ್ದ ಮಳೆ ಇಲ್ಲಿ ಕಾಣಿಸುವುದು ತಡವಾಗಿ. ಮಳೆ ನಿಂತು, ಬಿಸಿಲು ಬಿದ್ದು, ನೀವು ಖುಷಿಯಾಗಿ ಹಗ್ಗ ಬಿಚ್ಚಿದ ಹೊತ್ತಿಗೇ ನೀರು ಏರುತ್ತಿರಬಹುದು. ಲಾಕಿನ ಹತ್ತಿರ ಮಟ್ಟದ ಫಲಕ ಇದೆ: ಹಸಿರು, ಹಳದಿ, ಕೆಂಪು. ಹಸಿರಿದ್ದರೆ ಹೊರಡಿ. ಕೆಂಪಾದರೆ ಕಟ್ಟಿ ನಿಲ್ಲಿ, ಬಾಡಿಗೆ ಬೋಟಿನ ಕರಾರೂ ಸಾಮಾನ್ಯವಾಗಿ ಅದನ್ನೇ ಹೇಳುತ್ತದೆ. ಹಳದಿಯಲ್ಲಿ ಅನುಭವಿಗಳು ಹೋಗುತ್ತಾರೆ, ಹೊಸಬರು ಹೋಗಬಾರದು ಅನ್ನುವುದು ನನ್ನ ಅಭಿಪ್ರಾಯ. ಎನ್ವಿರಾನ್‌ಮೆಂಟ್ ಏಜೆನ್ಸಿಯ ತಾಣದಲ್ಲಿ ನದಿಮಟ್ಟದ ಗ್ರಾಫ್ ಸಿಗುತ್ತದೆ. ಅಂಕಿಗಿಂತ ಗೆರೆ ಯಾವ ಕಡೆ ಬಾಗಿದೆ ನೋಡಿ. ಹಳದಿಯಲ್ಲಿದ್ದು ಇಳಿಯುತ್ತಿರುವ ನದಿ ಬೇರೆ, ಹಳದಿಯಲ್ಲಿದ್ದು ಏರುತ್ತಿರುವ ನದಿ ಬೇರೆ. ನದಿಯ ಭಾಗದಲ್ಲಿ ಮಾತ್ರ ರಾತ್ರಿ ತಂಗಬೇಡಿ.

ಏನೋ ವಿಯರ್ ಲಾಕ್ ನೋಡಲು ವಿಚಿತ್ರ. ಬೇರೆ ಹೆಚ್ಚಿನ ಲಾಕುಗಳು ಓಣಿಯ ಹಾಗಿದ್ದರೆ ಇದು ನಡುವೆ ಉಬ್ಬಿದ ವಜ್ರದಾಕಾರ. ಇಳಿತ ಒಂದೇ ಅಡಿ. ಅಷ್ಟಕ್ಕೆ ಇಷ್ಟು ಅಗಲ ಏಕೆ? ಮುಂದಿನದು ಸಾಮರ್ಟನ್ ಡೀಪ್ ಲಾಕ್, ಇಳಿತ 12 ಅಡಿ. ಅದು ಒಮ್ಮೆ ತುಂಬಲು ಬೇಕಾದ ನೀರನ್ನು ಒಂದಡಿ ಇಳಿತದ ಕಿರಿದಾದ ಲಾಕ್ ಮೇಲಿನಿಂದ ಕೊಡಲಾರದು, ನಡುವಿನ ಮಟ್ಟ ಒಣಗುತ್ತಾ ಹೋಗುತ್ತದೆ. ಆಳ ಇಲ್ಲದಲ್ಲಿ ಅಗಲ ಕೊಟ್ಟು ಲೆಕ್ಕ ಸರಿತೂಗಿಸಿದರು.

ಸಂಜೆ ಕಟ್ಟುವ ಮಾತು. ದಂಡೆಗೆ ಉಕ್ಕಿನ ಪಟ್ಟಿ ಇದ್ದರೆ ಕೊಕ್ಕೆ ಹಾಕಿ. ಬರೀ ಮಣ್ಣಾದರೆ ಗೂಟ, ತಲೆ ನೀರಿನಿಂದ ಆಚೆಗೆ ವಾಲುವಂತೆ ಓರೆಯಾಗಿ ಹೊಡೆಯಿರಿ. ಎರಡು ದಿನ ಮಳೆಯಾದ ಮಣ್ಣು ಬೆಣ್ಣೆ, ಒಂದೊಂದು ತುದಿಗೆ ಎರಡು ಗೂಟ ಕತ್ತರಿಯಾಗಿ ಹೊಡೆದರೇ ಹಿಡಿಯುವುದು. ನಡುಹಗ್ಗದಿಂದ ರಾತ್ರಿ ಕಟ್ಟಬೇಡಿ, ಅದು ಚಾವಣಿಯ ಮಟ್ಟದಲ್ಲಿರುವುದರಿಂದ ಬೋಟನ್ನು ವಾಲಿಸುತ್ತದೆ. ವಿಲೋ ಮರದ ಕೆಳಗೆ ನೆರಳು ಚೆನ್ನಾಗಿರುತ್ತದೆ, ಆದರೆ ಗಾಳಿಗೆ ಮೊದಲು ಮುರಿಯುವ ಕೊಂಬೆಯೂ ಅದರದೇ.

ಒಳಗೆ ಹೋದ ಮೇಲೆ ಚಳಿ ಅಂತ ಗಾಳಿಕಂಡಿಗಳಿಗೆ ಬಟ್ಟೆ ತುರುಕಬೇಡಿ. ಒಲೆ ಉರಿಯುವ ಉಕ್ಕಿನ ಪೆಟ್ಟಿಗೆ ಅದು, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಅಲಾರಂನ ಗುಂಡಿ ಒತ್ತಿ ಸದ್ದು ಕೇಳಿಸಿಕೊಳ್ಳಿ. ಲೈಫ್ ಜಾಕೆಟ್ಟನ್ನು ರೇನ್‌ಕೋಟಿನ ಮೇಲೆಯೇ ಹಾಕಬೇಕು, ಒಳಗಲ್ಲ. ತಾನೇ ಉಬ್ಬುವ ಬಗೆಯದಾದರೆ ಒದ್ದೆಯಾದದ್ದನ್ನು ಮುದುರಿ ಪೆಟ್ಟಿಗೆಗೆ ಹಾಕಬೇಡಿ, ತೇವಕ್ಕೆ ಒಳಗಿನ ಬಿಲ್ಲೆ ಕರಗಿ ಮಧ್ಯರಾತ್ರಿ ಢಬ್ಬೆಂದು ಉಬ್ಬಿದ ಉದಾಹರಣೆಗಳಿವೆ. ಇಂಜಿನ್ ನಿಲ್ಲಿಸಿದ ಮೇಲೆ ಪ್ರೊಪೆಲ್ಲರ್ ದಂಡದ ಗ್ರೀಸ್ ಹಿಡಿಕೆಯನ್ನು ಬಿಗಿ ಸಿಗುವವರೆಗೆ ತಿರುಗಿಸಿ, ಹನಿ ನಿಲ್ಲುತ್ತದೆ. ಪ್ರೊಪೆಲ್ಲರ್‌ಗೆ ಸುತ್ತಿಕೊಂಡ ಕಸ ತೆಗೆಯಲು ವೀಡ್ ಹ್ಯಾಚ್ ತೆರೆದಿದ್ದರೆ ಮುಚ್ಚಳ ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ನೋಡಿ. ಅದು ಸಡಿಲವಾಗಿ ಇಂಜಿನ್ ಶುರುವಾದರೆ ನೀರು ಬೋಟಿನೊಳಕ್ಕೇ ಎರಚುತ್ತದೆ. ಕಸ ತೆಗೆಯುವಾಗ ಕೀಲಿ ನಿಮ್ಮ ಜೇಬಿನಲ್ಲಿರಲಿ.

ಎತ್ತುವ ಸೇತುವೆಗಳ ಬಗ್ಗೆ ಹೇಳುವುದು ಬಿಟ್ಟೇಹೋಗಿತ್ತು. ಈ ಕಾಲುವೆಯಲ್ಲಿ ರೈತರ ಹೊಲಕ್ಕೆ ಹೋಗುವ ಮರದ ಸೇತುವೆಗಳಿವೆ, ಬಹಳಷ್ಟನ್ನು ಎತ್ತಿಯೇ ಇಟ್ಟಿರುತ್ತಾರೆ. ಮುಚ್ಚಿರುವುದನ್ನು ಒಬ್ಬರು ಇಳಿದು, ತೊಲೆಯನ್ನು ಕೆಳಕ್ಕೆ ಜಗ್ಗಿ ಎತ್ತಬೇಕು. ಏತದ ಹಾಗೆ, ಈ ತುದಿ ಇಳಿದರೆ ಆ ತುದಿ ಏಳುತ್ತದೆ. ಎದ್ದು ನಿಂತ ಹಲಗೆಗೆ ಗಾಳಿ ಬಡಿದರೆ ಅದು ಕೆಳಗೆ ಬೀಳಬಲ್ಲದು, ಆಗ ಅದರ ಕೆಳಗಿರುವುದು ಟಿಲ್ಲರ್ ಹಿಡಿದವರ ತಲೆ. ಎತ್ತಿದವರು ತೊಲೆಯ ಮೇಲೆ ಭಾರ ಬಿಟ್ಟು ಕೂರಬೇಕು, ಸರಪಳಿ ಇದ್ದರೆ ಅದನ್ನೂ ಸಿಕ್ಕಿಸಬೇಕು. ಮೂತಿ ದಾಟಿತೆಂದು ಏಳಬೇಡಿ, ಅದರ ಹಿಂದೆ ಇನ್ನೂ ಐವತ್ತಡಿ ಬೋಟಿದೆ. ಹಿಂಬದಿ ಪೂರ್ತಿ ಆಚೆಗೆ ಬಂದು ಟಿಲ್ಲರ್ ಹಿಡಿದವರು ಕೂಗಿ ಹೇಳುವ ತನಕ, ತೊಲೆ ಎಷ್ಟೇ ಒದ್ದೆಯಾಗಿದ್ದರೂ, ಅದರ ಮೇಲೇ ಕೂತಿರಿ.